ಮೋಟಾರು ಮನೆಗೆ ನೆರಳು

ಗುಬ್ಬಿಯಲ್ಲಿ ಮನೆ ಮುಂದೆ ಮೋಟಾರು ನಿಲ್ಲಿಸಿಕೊಂಡವರು ಆಗ ನಾಲ್ಕೈದು ಜನ ಇದ್ದರು. ಮೋಟಾರಿನೊಳಗೇ ಮನೆ ಇಟ್ಟುಕೊಂಡವರು ಕೊಬ್ಬರಿ ಮಂಡಿ ಚನ್ನವೀರಯ್ಯ ಒಬ್ಬರೇ. ಅರವತ್ತೊಂದನೇ ಇಸವಿಯ ಶಿವರಾತ್ರಿ ಕಳೆದ ನಾಲ್ಕನೇ ದಿನ, ಮುಚ್ಚಿಹೋದ ಯಾವುದೋ ನಾಟಕ ಕಂಪನಿಯ ಸಾಮಾನು ತುಮಕೂರಿನಲ್ಲಿ ಹರಾಜಿಗೆ ಬಂತು. ಕಂಪನಿಯ ಯಜಮಾನ ಊರೂರಿಗೆ ಮಲಗಿಕೊಂಡೇ ಹೋಗುತ್ತಿದ್ದ ವ್ಯಾನನ್ನು ಚನ್ನವೀರಯ್ಯ ಕೂಗಿ ಕೊಂಡರು. ಒಳಗೆ ಒಂದು ಮಂಚ, ಸೀಮೆಎಣ್ಣೆ ಸ್ಟೌವಿಗೊಂದು ಕಟ್ಟೆ, ನೀರಿಗೆ ತಗಡಿನ ಟ್ಯಾಂಕು, ಮುಖಕ್ಕೆ ಬಣ್ಣ ಹಚ್ಚಿಕೊಳ್ಳಲು ಕನ್ನಡಿ. ಹೊರಗೆ ಎಡಮಗ್ಗುಲ ತುಂಬ ಕತ್ತಿ ಹಿರಿದು ನಿಂತ ಮೀಸೆಯ ರಾಜ. ಪೇಟೆಯವರು ಅವತ್ತು ಸಂಜೆಯೊಳಗೇ ಅದಕ್ಕೆ ‘ಹರಾಜು ಮಹಾರಾಜ’ ಎಂದು ನಾಮಕರಣ ಮಾಡಿ ಮುಗಿಸಿದ್ದರು.

ಚನ್ನವೀರಯ್ಯ ಅದನ್ನು ಶೋಕಿಗೆ ತಂದವರಲ್ಲ. ಅವರ ತಾಯಿ ಶಿವರುದ್ರಮ್ಮ ಎರಡು ವರ್ಷದ ಹಿಂದೆ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಕೋಲು ಹಿಡಿದು ಹತ್ತು ಹೆಜ್ಜೆ ನಡೆಯುತ್ತಿದ್ದರು, ಮಲಗುತ್ತಿದ್ದರು, ಕೂರಲು ಮಾತ್ರ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಮಲಗಿಸಿಕೊಂಡು ಹೋಗುವ ಕಂಡಕ್ಟರು ಇನ್ನೂ ಹುಟ್ಟಿರಲಿಲ್ಲ. ಅವರಿಗೋ ಕುಣಿಗಲಿಗೆ ಹೋಗಲೇಬೇಕಿತ್ತು. ಅಲ್ಲಿ ಒಡಹುಟ್ಟಿದ ತಂಗಿ ಪುಟ್ಟಗಂಗಮ್ಮ ಇದ್ದರು. ಅಕ್ಕತಂಗಿಯರಲ್ಲಿ ಇಪ್ಪತ್ತು ವರ್ಷದಿಂದ ಮಾತಿರಲಿಲ್ಲ.

ಮಾತು ಬಿಟ್ಟದ್ದು ಊಟದ ಪಂಕ್ತಿಯಲ್ಲಿ. ಚನ್ನವೀರಯ್ಯನ ಮದುವೆಯಲ್ಲಿ ಬೀಗರನ್ನು ಮೊದಲ ಪಂಕ್ತಿಗೆ ಕೂರಿಸಿ, ತಂಗಿಯ ಮನೆಯವರನ್ನು ಎರಡನೆಯದಕ್ಕೆ ನಿಲ್ಲಿಸಿದ್ದರು. ಎರಡನೆಯದು ಕೂರುವ ಹೊತ್ತಿಗೆ ಒಬ್ಬಟ್ಟು ಮುಗಿದಿತ್ತು. ಪುಟ್ಟಗಂಗಮ್ಮ ಕೇಳಿದ್ದಕ್ಕೆ ಶಿವರುದ್ರಮ್ಮ, “ಹಸಿದೋರು ಮೊದ್ಲೇ ಬಂದು ಕೂತ್ಕೋಬೇಕಿತ್ತು” ಎಂದುಬಿಟ್ಟಿದ್ದರು. ತಂಗಿ ಎಲೆ ಮುಂದಿನಿಂದ ಎದ್ದವರು ಗುಬ್ಬಿಗೆ ಮತ್ತೆ ಕಾಲಿಡಲಿಲ್ಲ. ವ್ಯಾನು ಬಂದ ವರ್ಷದ ಸಂಕ್ರಾಂತಿಗೆ ಇದ್ದಕ್ಕಿದ್ದಂತೆ ಒಂದು ಕಾರ್ಡು ಬಂತು: ‘ಅಕ್ಕನಿಗೆ, ನನಗೆ ಆಗಾಗ ಎದೆನೋವು ಬರುತ್ತಿದೆ. ಒಂದು ಸಲ ಬಂದು ಹೋಗು. ಮೊದಲನೇ ಪಂಕ್ತಿಗೇ ಬಡಿಸುತ್ತೇನೆ.’

ಕಾರ್ಡು ಓದಿಸಿಕೊಂಡ ದಿನದಿಂದ ಶಿವರುದ್ರಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ. ಅದಕ್ಕೇ ಮಂಚವಿರುವ ಮೋಟಾರು. ಮೂವತ್ತೈದು ಮೈಲಿಗೆ ಸ್ಟೌ ಯಾಕೆ, ಟ್ಯಾಂಕು ಯಾಕೆ ಎಂದು ಯಾರೂ ಕೇಳಲಿಲ್ಲ.

ವ್ಯಾನು ಬಂದ ದಿನ ಊಟಕ್ಕೆ ಕೂತಾಗ ಶಿವರುದ್ರಮ್ಮ ದಿಂಬಿಗೆ ಒರಗಿಕೊಂಡೇ ಕೇಳಿದರು. “ನಾಳೆ ಬೆಳಿಗ್ಗೆ ಹೊರಡಾಣೇನ್ಲಾ ಚನ್ನವೀರ?”

“ನಾಳೆ ಎಲ್ಲಾಯ್ತದವ್ವ? ಬಂದಿರೋ ಗಾಡಿಗೆ ಮೊದ್ಲು ಒಂದು ನೆರಳು ಮಾಡ್ಬೇಕು.”

“ಹೋಗ್ಬಂದು ಮಾಡ್ಕೊ. ಅದೇನು ಬಾಣಂತಿಯಾ, ಗಾಳಿಗಿಡಬಾರದು ಅನ್ನೋಕೆ?”

“ಆ ರಾಜನ್ನ ಬೇರೆ ಅಳಿಸ್ಬೇಕು ಕಣವ್ವ. ಇಪ್ಪತ್ತು ವರ್ಷ ಮಾತಿಲ್ದೋರ ಬಾಗ್ಲಿಗೆ ಕತ್ತಿ ಹಿಡ್ದೋನ್ನ ಕರ್ಕೊಂಡು ಹೋಗಕಾಯ್ತದಾ?”

ಚನ್ನವೀರಯ್ಯನ ತಮ್ಮ ಅಡವಿಯಪ್ಪ ಮುದ್ದೆ ನುಂಗುತ್ತಿದ್ದವನು ನಕ್ಕು ಕೆಮ್ಮಿದ. ಅವನು ಲಾರಿ ಓಡಿಸಿ ಕಲಿತವನು, ಮನೆಗೆ ಅವನೇ ಡ್ರೈವರು. “ಅತ್ತಿಗೆ, ಒಂಚೂರು ಸುಣ್ಣ ಕೊಡಿ, ನಾಳೆ ಬೆಳಿಗ್ಗೆನೇ ರಾಜನಿಗೆ ಬಳ್ದುಬಿಡ್ತೀನಿ. ಎಂಟು ಗಂಟೆಗೆ ಹೊರಡಬೋದು” ಎಂದ.

“ಸುಣ್ಣ ಬಳಿಯೋಕೆ ಅದೇನು ಕೊಟ್ಟಿಗೆನೇನೋ? ಮರದ ಬಾಡಿ ಅದು. ಬಿಸಿಲಿಗೆ ಬಾಯಿ ಬಿಡ್ತದೆ.”

ಚನ್ನವೀರಯ್ಯನ ಹೆಂಡತಿ ಸರ್ವಮಂಗಳಮ್ಮ ಗಂಡನ ತಟ್ಟೆಗೆ ಹುರುಳಿ ಸಾರು ಬಿಟ್ಟರು. “ಬಾಡಿ ಬಾಯಿ ಬಿಟ್ರೆ ನಿಮಗೆ ಕೇಳ್ತದೆ. ಮನೇಲಿರೋರು ಬಾಯಿ ಬಿಟ್ರೆ ಕೇಳಾಕಿಲ್ಲ.”

ನೆರಳಿನ ವಿಚಾರಣೆ ಅಲ್ಲಿಂದ ಸುರುವಾಯಿತು.

ಮೊದಲು ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಎದ್ದಿತು. ಮದುವೆಯ ಕಾಲ. ಬೆಳೆದ ಹೆಣ್ಣುಮಗಳಿರುವ ಮನೆ ಮುಂದೆ ಚಪ್ಪರ ಕಂಡರೆ ಜನ ಮೋಟಾರನ್ನು ನೋಡುತ್ತಾರೆಯೇ? ಹೆಬ್ಬೂರಿನಿಂದ ಸಂಬಂಧದವರೊಬ್ಬರು ಬಸ್ಸಿಳಿದು ನೇರವಾಗಿ ಬಂದು, “ನಮಗೊಂದು ಮಾತು ಹೇಳ್ದೆ ಗಂಡು ಗೊತ್ತು ಮಾಡಿದ್ರಲ್ಲ” ಎಂದು ಮುಖ ಊದಿಸಿಕೊಂಡು ಕಾಫಿ ಕುಡಿದು ಹೋದರು. ಚನ್ನವೀರಯ್ಯನ ಮಗಳು ಸಿದ್ಧಗಂಗ ಹೈಸ್ಕೂಲಿನಿಂದ ಅಳುತ್ತ ಬಂದಳು.

“ಸ್ಕೂಲಲ್ಲಿ ಎಲ್ಲಾರೂ ನಂಗೆ ಮದ್ವೆ ಅಂತವ್ರೆ. ಗಂಡು ಯಾರು ಅಂತ ಕೇಳ್ತಾರೆ, ಏನ್ ಹೇಳ್ಲಿ ಅಪ್ಪಯ್ಯ?”

“ನಾಲ್ಕು ಚಕ್ರ ಅವೆ, ಉದ್ದ ಮೀಸೆ ಐತೆ, ಸ್ವಂತ ಮನೆ ಐತೆ ಅನ್ನು” ಎಂದ ಅಡವಿಯಪ್ಪ.

ಚಪ್ಪರ ಬಿಚ್ಚಿದರು. ಆಮೇಲೆ ತಗಡು. ತಗಡಿಗೆ ಪರ್ಮಿಟ್ಟು ಬೇಕಿತ್ತು. ಪರ್ಮಿಟ್ಟಿಗಾಗಿ ಮೂರು ವಾರ ತಾಲ್ಲೂಕು ಕಚೇರಿಗೆ ನಡೆದರು. ಅದು ಸಿಕ್ಕಿದ ಮೇಲೆ, ಶೆಡ್ಡು ನಿಲ್ಲುವ ಜಾಗ ಅಡಿಗೆಮನೆಯ ಒಂದೇ ಕಿಟಕಿಯ ಎದುರು ಎಂಬುದು ಗೊತ್ತಾಯಿತು.

“ಬೆಳಕೇ ಇಲ್ದಿದ್ರೆ ಮುದ್ದೆ ಬೆಂದೈತೋ ಇಲ್ವೋ ಮೂಸಿ ನೋಡ್ಬೇಕಾಯ್ತದೆ” ಎಂದರು ಸರ್ವಮಂಗಳಮ್ಮ. “ನಿಮ್ಮ ಮೋಟಾರಿಗೆ ನೆರಳು, ನಮಗೆ ಕತ್ತಲೆ.”

ದನದ ಕೊಟ್ಟಿಗೆಯ ಮಾತೆತ್ತಿದಾಗ ಶಿವರುದ್ರಮ್ಮ ಅಡ್ಡ ಬಂದರು. “ಕರೆಯೋ ಹಸ ಆಚೆ ಕಟ್ಟಿ ಕರೀದಿರೋದನ್ನ ಒಳಗೆ ಕಟ್ತಿಯೇನ್ಲಾ? ನಂಗೆ ನೆರಳು ಬೇಕಾಗಿಲ್ಲ ಕಣಪ್ಪ. ಕುಣಿಗಲ್ ಬೇಕು. ಯುಗಾದಿನೂ ಹೋಯ್ತು.”

“ಇನ್ನೊಂದು ವಾರ ಅವ್ವ. ಜಾಗ ಸಿಕ್ಕಿದೆ.”

ಸಿಕ್ಕಿದ ಜಾಗ ಹಿತ್ತಲ ಕೊಬ್ಬರಿ ಮನೆ. ಹೆಂಚಿನ ಸೂರು, ಎತ್ತರದ ಬಾಗಿಲು, ಒಳಗೆ ಆಳೆತ್ತರಕ್ಕೂ ಮೇಲೆ ಬಿದಿರು ಹಾಸಿದ ಅಟ್ಟ. ಸಿಪ್ಪೆ ಸಮೇತ ಕಾಯಿಗಳನ್ನು ಆ ಅಟ್ಟಕ್ಕೆ ಏರಿಸಿಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗಲು ಎಂಟು ಹತ್ತು ತಿಂಗಳು ಬೇಕು. ಅಷ್ಟು ದಿನ ಕಾಯಿಯನ್ನು ಕಾಯುವುದೊಂದೇ ಕೆಲಸ, ಕದಲಿಸುವಂತಿಲ್ಲ. ಅರ್ಧ ಇಂಗಿದ ಕಾಯನ್ನು ಅಲುಗಿಸಿದರೆ ಒಳಗೇ ಕೊಳೆಯುತ್ತದೆ ಎಂದು ಆ ಸೀಮೆಯ ಮಕ್ಕಳಿಗೂ ಗೊತ್ತು. ಹಳೆಯ ಕೊಬ್ಬರಿ ಮಾರಿ ಅಟ್ಟ ಆಗ ಖಾಲಿಯಿತ್ತು. ಅಡ್ಡವಿದ್ದದ್ದು ಅಟ್ಟ ಹೊತ್ತ ನಡುಗಂಬ ಒಂದೇ.

ಬಡಗಿ ಪುಟ್ಟರಂಗಯ್ಯ ಬಂದು ಕಂಬವನ್ನು ತಟ್ಟಿ ನೋಡಿದರು. “ಕಿತ್ತಾಕ್ಬೋದು ಸಾವ್ಕಾರ್ರೇ. ಆದ್ರೆ ಈ ಗೋಡೆಯಿಂದ ಆ ಗೋಡೆಗೆ ಮತ್ತಿ ಮರದ ತೊಲೆ ಕೊಡ್ಬೇಕು. ತುಮಕೂರಿಂದ ತರಿಸ್ಬೇಕು.”

“ತೋಟದಲ್ಲಿ ಸಿಡಿಲು ಬಡಿದ ತೆಂಗಿನ ಮರ ಬಿದ್ದೈತಲ್ಲ.”

“ತೆಂಗು ಬಾಗ್ತದೆ.”

“ಬಾಗ್ಲಿ ಬುಡು. ಅಟ್ಟಕ್ಕೂ ಗಾಡಿಗೂ ಮಧ್ಯೆ ಒಂದು ಗೇಣು ಸಂದು ಐತೆ.”

“ಕೆಳಗೆ ಗಾಡಿ ಇರೋ ತನಕ ಮೇಲೆ ಕಾಯಿ ಹಾಕ್ಬ್ಯಾಡಿ ಮತ್ತೆ.”

“ಕೊಬ್ಬರಿ ವ್ಯಾಪಾರದೋನ ಅಟ್ಟ ಖಾಲಿ ಬಿಡಾಕೆ ಆಯ್ತದೇನಯ್ಯ? ಪೇಟೇಲಿ ಏನಂದಾರು?” ಎಂದು ಚನ್ನವೀರಯ್ಯ ಮಾತು ಮುಗಿಸಿದರು.

ಕಂಬ ಹೋಯಿತು, ತೆಂಗಿನ ತೊಲೆ ಬಂತು, ವ್ಯಾನು ಒಳಗೆ ಹೋಯಿತು. ರಾಜನ ಮೇಲೆ ಎರಡು ಸಲ ಹಸಿರು ಬಣ್ಣ ಬಿತ್ತು. ಬೇಸಿಗೆಯ ಕೊಯ್ಲಿನ ಆರು ಸಾವಿರ ಕಾಯಿ ಅಟ್ಟ ಹತ್ತಿತು. ಬಸವ ಜಯಂತಿಯ ಮಾರನೇ ದಿನ ಕುಣಿಗಲಿಗೆ ಎಂದು ನಿಶ್ಚಯವಾಯಿತು. ಸರ್ವಮಂಗಳಮ್ಮ ಹಿಂದಿನ ದಿನವೆಲ್ಲ ಒಲೆ ಮುಂದೆ ಕೂತು ನೂರು ಒಬ್ಬಟ್ಟು ತಟ್ಟಿದರು.

“ಯಾರಿಗವ್ವ ಇಷ್ಟೊಂದು?” ಎಂದಳು ಸಿದ್ಧಗಂಗ.

“ನನ್ನ ಮದ್ವೇಲಿ ಕಮ್ಮಿ ಬಿದ್ದಿದ್ವಲ್ಲ, ಅವು” ಎಂದರು ಸರ್ವಮಂಗಳಮ್ಮ.

ಬೆಳಿಗ್ಗೆ ಶಿವರುದ್ರಮ್ಮ ಲಿಂಗಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು, ಕೋಲೂರಿಕೊಂಡು ಹಿತ್ತಲಿಗೆ ಬಂದು ನಿಂತರು. ಅಡವಿಯಪ್ಪ ಇಂಜಿನ್ನು ಶುರು ಮಾಡಿದ. ವ್ಯಾನು ಒಂದು ಅಂಗುಲ ಮುಂದೆ ಬಂತು. ಮೇಲೆ ಅಟ್ಟ ಲಟಲಟ ಎಂದಿತು. ನಾಲ್ಕು ಕಾಯಿ ಉರುಳಿ ಬಾನೆಟ್ಟಿನ ಮೇಲೆ ಬಿದ್ದವು. ಅವನು ಇಂಜಿನ್ನು ಆರಿಸಿ ಇಳಿದು, ಏಣಿ ಹತ್ತಿ ನೋಡಿದ. ಗೇಣು ಸಂದು ಇರಲಿಲ್ಲ. ತೆಂಗಿನ ತೊಲೆ ಬಾಗಿ ವ್ಯಾನಿನ ತಲೆ ಮೇಲೆ ಕೂತಿತ್ತು.

“ಅಣ್ಣ, ಈಗ ಅಟ್ಟ ನಿಂತಿರೋದು ಗಾಡಿ ಮೇಲೆ. ಗಾಡಿ ತೆಗುದ್ರೆ ಅಟ್ಟ ಇಲ್ಲ.”

“ಟೈರಿನ ಗಾಳಿ ಬಿಡು. ತಗ್ಗುತ್ತೆ.”

ಗಾಳಿ ಬಿಟ್ಟರು. ವ್ಯಾನು ನಾಲ್ಕು ಅಂಗುಲ ತಗ್ಗಿತು. ಅಟ್ಟವೂ ವಿನಯದಿಂದ ನಾಲ್ಕು ಅಂಗುಲ ತಗ್ಗಿತು. ಗಾಡಿಗೆ ನೆರಳು ಕೊಡಬೇಕಾದದ್ದು ಗಾಡಿಯ ಹೆಗಲೇರಿತ್ತು.

“ಕಾಯಿ ಇಳಿಸಿಬಿಡಿ” ಎಂದರು ಸರ್ವಮಂಗಳಮ್ಮ.

“ಏರಿಸಿ ಹದಿನೈದು ದಿನ ಆಯ್ತು ಕಣೇ. ಈಗ ಮುಟ್ಟಿದ್ರೆ ಅಷ್ಟೂ ಕೊಳೀತಾವೆ.”

ಶಿವರುದ್ರಮ್ಮ ಒಳಗೆ ಹೋದರು. ಇಳಕಲ್ ಸೀರೆ ಬಿಚ್ಚಿ ಮಡಿಸಿಟ್ಟರು. ಮನೆಯವರು ನಾಲ್ಕು ದಿನ ಒಬ್ಬಟ್ಟೇ ತಿಂದರು. ಐದನೇ ದಿನ ಉಳಿದದ್ದನ್ನು ಹಸುಗಳಿಗೆ ಹಾಕಿದರು.

ಮಳೆಗಾಲ ಹಿಡಿಯುವ ಮೊದಲು ಶಿವರುದ್ರಮ್ಮನೇ ಒಂದು ದಾರಿ ಹೇಳಿದರು. ಮಧ್ಯಾಹ್ನ ಮಗ ಮಂಡಿಯಿಂದ ಊಟಕ್ಕೆ ಬಂದಿದ್ದರು.

“ಎತ್ತಿನ ಗಾಡಿ ಕಟ್ಸು. ಹುಲ್ಲು ಮೆತ್ತಗೆ ಹಾಸಿದ್ರೆ ಮಲಕ್ಕೊಂಡು ಹೋಯ್ತೀನಿ. ಎರಡು ದಿನದ ದಾರಿ ತಾನೆ.”

“ಬ್ಯಾಡವ್ವ.”

“ಯಾಕ್ಲಾ? ನಿನ್ನ ಹೆತ್ತಾಗ ತೌರಿಂದ ಗಾಡೀಲೇ ತಾನೆ ಬಂದಿದ್ದು.”

“ಮನೇಲಿ ಮಂಚ ಇರೋ ಮೋಟಾರು ಇಟ್ಕೊಂಡು ತಾಯಿನ ಹುಲ್ಲಿನ ಮೇಲೆ ಕಳಿಸ್ದ ಅಂತಾರೆ ಜನ. ಆವತ್ತು ಸಂತೇಲಿ ಯಾರೋ, ನಿಮ್ಮ ಮೋಟಾರು ಕಾಯಿ ಹೊರ್ತಾ ಐತಂತೆ ಅಂತ ನಕ್ರು. ಇನ್ನು ಗಾಡಿ ಕಟ್ಟಿದ್ರೆ ನಾನು ಪೇಟೇಲಿ ತಲೆ ಎತ್ತಂಗಿಲ್ಲ.”

“ನೀನು ತಲೆ ಎತ್ತೋಕೆ ನಾನು ಇಲ್ಲಿ ಮಲಗಿರ್ಬೇಕಾ?”

“ಕಾರ್ತೀಕ ಕಳೀಲಿ ಅವ್ವ. ಕೊಬ್ಬರಿ ಆಯ್ತದೆ. ರಾಣಿ ಹಂಗೆ ಕರ್ಕೊಂಡು ಹೋಗ್ತೀನಿ.”

“ರಾಜನ್ನೇ ಅಳಿಸಾಕ್ದೆ. ರಾಣಿ ಎಲ್ಲಿಂದ ಬಂದಾಳು?” ಎಂದು ಶಿವರುದ್ರಮ್ಮ ಗೋಡೆಯ ಕಡೆ ಹೊರಳಿದರು.

ಆಮೇಲೆ ಅವರಿಗೆ ಒಂದು ಅಭ್ಯಾಸ ಬಿತ್ತು. ಮಧ್ಯಾಹ್ನ ಕೋಲೂರಿಕೊಂಡು ಕೊಬ್ಬರಿ ಮನೆಗೆ ಹೋಗಿ ವ್ಯಾನಿನ ಮಂಚದ ಮೇಲೆ ಮಲಗುವುದು. ಹತ್ತಲು ಸರ್ವಮಂಗಳಮ್ಮ ಕೈ ಕೊಡುತ್ತಿದ್ದರು. ಒಂದು ದಿನ ಮಜ್ಜಿಗೆ ತಂದುಕೊಟ್ಟು ಅಲ್ಲೇ ನಿಂತರು.

“ಅತ್ತೆ, ಅವತ್ತು ಮೊದಲ್ನೇ ಪಂಕ್ತೀಲಿ ನಮ್ಮಪ್ಪ ಆರು ಒಬ್ಬಟ್ಟು ತಿಂದಿದ್ರು. ಚಿಕ್ಕತ್ತೆ ಹಸ್ಕೊಂಡು ಎದ್ದು ಹೋದ್ರು ಅಂತ ಗೊತ್ತಾದ್ಮೇಲೆ ಸಾಯೋವರ್ಗೂ ಒಬ್ಬಟ್ಟು ಮುಟ್ಲಿಲ್ಲ.”

“ನೀನ್ಯಾಕೆ ಹೇಳಿರ್ಲಿಲ್ಲ ಇಷ್ಟು ದಿನ?”

“ನೀವು ಕೇಳಿರ್ಲಿಲ್ಲ.”

ಶಿವರುದ್ರಮ್ಮ ಮಜ್ಜಿಗೆಯ ಲೋಟವನ್ನು ಸುಮ್ಮನೆ ತಿರುಗಿಸಿದರು. “ಒಬ್ಬಟ್ಟು ಮುಗ್ದಿದ್ದು ತೆಪ್ಪಲ್ಲ ಕಣೇ. ಮದ್ವೆ ಮನೇಲಿ ಮುಗೀತವೆ. ಅವಳು ಕೇಳ್ದಾಗ, ಇರು ಗಂಗ, ಒಲೆ ಹಚ್ಚಿ ನಿಂಗೆರಡು ತಟ್ತೀನಿ ಅಂದಿದ್ರೆ ಆಗಿತ್ತು. ಹಿಟ್ಟು ಉಳಿದಿತ್ತು. ಇದನ್ನ ಅವಳ ಮುಂದೆ ನಿಂತು ಹೇಳ್ಬೇಕು. ಕಾರ್ಡಲ್ಲಿ ಬರ್ಸೋ ಮಾತಲ್ಲ.”

ಶ್ರಾವಣದಲ್ಲಿ ಎರಡನೇ ಕಾರ್ಡು ಬಂತು. ‘ಅಕ್ಕ, ಯಾವಾಗ ಬರುತ್ತೀ? ನೋವು ಜಾಸ್ತಿಯಾಗಿದೆ.’ ಸಿದ್ಧಗಂಗ ಓದಿ ಮುಗಿಸುವ ಹೊತ್ತಿಗೆ ಸರ್ವಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

“ಅಡವಿಯಪ್ಪ, ಏಣಿ ತಗೊಂಡು ಬಾರಪ್ಪ. ಕಾಯಿ ಇಳಿಸಾಣ. ಕೊಳೆತ್ರೆ ಕೊಳೀಲಿ.”

ಚನ್ನವೀರಯ್ಯ ಜಗಲಿಯಿಂದ ಎದ್ದು ಬಾಗಿಲಿಗೆ ಅಡ್ಡ ನಿಂತರು. “ಯಾರೂ ಮುಟ್ಟಂಗಿಲ್ಲ. ನಾಲ್ಕು ತಿಂಗ್ಳು ಕಾದಿದ್ದೀವಿ, ಇನ್ನು ನಾಲ್ಕು ತಿಂಗ್ಳು ಕಾಯೋಕೆ ಏನು ರೋಗ?”

“ರೋಗ ನಮಗಲ್ಲ ಅಣ್ಣ, ಅವ್ರಿಗೆ” ಎಂದ ಅಡವಿಯಪ್ಪ.

“ಎದೆನೋವು ಎಲ್ಲಾರ್ಗೂ ಬತ್ತದೆ. ನಂಗೂ ಬತ್ತದೆ. ಒಂದು ಕಾರ್ಡು ಬರೀರಿ. ಮೋಟಾರು ತಯಾರಾಗಿದೆ, ಅದರಲ್ಲೇ ಅಕ್ಕನ್ನ ಕರ್ಕೊಂಡು ಬರ್ತೀವಿ ಅಂತ.”

ಸಿದ್ಧಗಂಗ ಹಾಗೇ ಬರೆದಳು. ಶಿವರುದ್ರಮ್ಮ, ‘ಮೋಟಾರು’ ಅನ್ನೋ ಮಾತು ಬ್ಯಾಡ ಎಂದರು. ಚನ್ನವೀರಯ್ಯ, ಇರಲಿ ಎಂದರು. ಇತ್ತು.

ಕಾರ್ತೀಕ ಮುಗಿದು ಅವರೆಕಾಯಿ ಸುರುವಾದಾಗ ಒಂದು ಬೆಳಿಗ್ಗೆ, ತುಮಕೂರಿನ ಮೊದಲ ಬಸ್ಸಿನಲ್ಲಿ ಕುಣಿಗಲಿನವರೊಬ್ಬರು ಬಂದಿಳಿದು, ಹಿಂದಿನ ದಿನ ಮಧ್ಯಾಹ್ನ ಪುಟ್ಟಗಂಗಮ್ಮ ಹೋದರು ಎಂದರು. ಸರ್ವಮಂಗಳಮ್ಮ ಸುಲಿಯುತ್ತಿದ್ದ ಅವರೆಕಾಯಿಯ ಮೊರವನ್ನು ಕೆಳಗಿಟ್ಟರು.

ಚನ್ನವೀರಯ್ಯ ಹಿತ್ತಲಿಗೆ ಹೋದರು. ತಾವೇ ಏಣಿ ಹತ್ತಿ ಕಾಯಿಗಳನ್ನು ಎರಡೂ ಕೈಯಲ್ಲಿ ಬಾಚಿ ಕೆಳಕ್ಕೆ ಹಾಕತೊಡಗಿದರು. ಅಡವಿಯಪ್ಪ ಬಂದ, ಅಕ್ಕಪಕ್ಕದವರು ಬಂದರು. ಎಂಟು ತಿಂಗಳು ಕದಲಿಸಬಾರದಿದ್ದ ಕಾಯಿ ಇಳಿಸಲು ಹಿಡಿದದ್ದು ಒಂದೂವರೆ ಗಂಟೆ. ಬಿದ್ದ ಕಾಯಿಗಳಲ್ಲಿ ಮುಕ್ಕಾಲುಪಾಲು ಗಡಗಡ ಎನ್ನುತ್ತಿದ್ದವು. ಅಡವಿಯಪ್ಪ ಒಂದನ್ನು ಸುಲಿದು ಒಡೆದು ನೋಡಿದ. ಒಳಗೆ ಕೊಬ್ಬರಿ ಒಣಗಿ, ಉಂಡೆಯಾಗಿ ಚಿಪ್ಪು ಬಿಟ್ಟುಕೊಂಡಿತ್ತು.

“ಆಗಿ ಎಷ್ಟು ದಿನವಾಗಿತ್ತೋ” ಎಂದ. ಮುಟ್ಟಬಾರದೆಂದು ಯಾರೂ ಮುಟ್ಟಿ ನೋಡಿರಲಿಲ್ಲ.

ಟೈರಿಗೆ ಗಾಳಿ ಹೊಡೆದು, ಸತಾಯಿಸಿದ ಇಂಜಿನ್ನಿಗೆ ಹ್ಯಾಂಡಲ್ ತಿರುಗಿಸಿ, ಮನೆಯವರೆಲ್ಲ ಕುಣಿಗಲು ಸೇರುವಾಗ ಮಧ್ಯಾಹ್ನ ಮೂರು ಗಂಟೆ. ಸಮಾಧಿ ಮುಗಿದಿತ್ತು. ಪುಟ್ಟಗಂಗಮ್ಮನ ಮಗಳು ಹಾಲಮ್ಮ ಬಾಗಿಲಿಗೆ ಬಂದು ದೊಡ್ಡವ್ವನನ್ನು ಹಿಡಿದು ಇಳಿಸಿಕೊಂಡಳು. ಒಳಗೆ ಚಾಪೆ ಹಾಸಿ ಮಲಗಿಸಿ ತಲೆಗೆ ದಿಂಬು ಕೊಟ್ಟಳು.

“ನನ್ನ ಬೈತಿದ್ಲಾ?” ಎಂದರು ಶಿವರುದ್ರಮ್ಮ.

“ಬೈತಿರ್ಲಿಲ್ಲ ದೊಡ್ಡವ್ವ.” ಹಾಲಮ್ಮ ಬಾಗಿಲ ಹೊರಗೆ ನಿಂತಿದ್ದ ಹಸಿರು ವ್ಯಾನನ್ನು ನೋಡಿದಳು. “ಶ್ರಾವಣದಲ್ಲಿ, ಅಕ್ಕನ ಸೊಂಟ ಮುರಿದೈತೆ, ಅವಳು ಬರಾಕಾಗಾಕಿಲ್ಲ, ನಾನೇ ಹೋಯ್ತೀನಿ ಅಂತ ಹಟ ಹಿಡಿದ್ಲು. ಗಾಡಿ ಕಟ್ಟಿಸ್ದೆ. ಹತ್ತಿ ಕೂತಿದ್ಲು. ಎತ್ತು ಹೂಡೋ ಹೊತ್ತಿಗೆ ನಿಮ್ಮ ಕಾರ್ಡು ಬಂತು. ಮೋಟಾರಲ್ಲಿ ಬತ್ತಾರೆ ಅಂತ. ನಾನು ಆ ಕಡೆ ಹೋದಾಗ ಅವಳು ಈ ಕಡೆ ಬಂದಾಗ ಮನೆ ಬಾಗ್ಲು ಹಾಕಿದ್ರೆ ಏನಂದ್ಕೊತಾಳೆ ಅಂತ ಇಳ್ದುಬಿಟ್ಲು. ಆವತ್ತಿಂದ ಊರಾಚೆ ಹೋಗ್ಲಿಲ್ಲ. ಒಂದು ಮದ್ವೆಗೂ ಹೋಗ್ಲಿಲ್ಲ.”

ಚನ್ನವೀರಯ್ಯ ಬಾಗಿಲ ಹತ್ತಿರ ನಿಂತಿದ್ದವರು ಕಂಬ ಹಿಡಿದು ಹೊಸ್ತಿಲ ಮೇಲೆ ಕೂತರು. ಸಿದ್ಧಗಂಗ ಅಪ್ಪನ ಮುಖ ನೋಡಲಿಲ್ಲ. ಆ ಕಾರ್ಡು ಬರೆದ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

ಅಂದು ಅಲ್ಲೇ ಉಳಿದರು. ಮಾರನೇ ದಿನ ಲಿಂಗಪೂಜೆ ಆದ ಮೇಲೆ ಹಾಲಮ್ಮ ಅನ್ನ, ಬೇಳೆ ಸಾರು ಬಡಿಸಿದಳು. ಶಿವರುದ್ರಮ್ಮ ಒರಗಿಕೊಂಡು ಪೂರ್ತಿ ಉಂಡರು. ಕೈ ತೊಳೆಸಿಕೊಂಡು ಹಾಲಮ್ಮನನ್ನು ಕೇಳಿದರು. “ಆ ಗಾಡಿ ಐತೇನೇ?”

“ಐತೆ ದೊಡ್ಡವ್ವ. ಹಿತ್ತಲಲ್ಲಿ.”

“ಹುಲ್ಲು ಹಾಸಿ ಎತ್ತು ಹೂಡ್ಸು ತಾಯಿ. ಅದ್ರಲ್ಲೇ ಊರಿಗೆ ಹೋಯ್ತೀನಿ. ಗಾಡಿನ ವಾಪಸ್ ಕಳಿಸ್ಕೊಡ್ತೀನಿ.”

“ಅವ್ವ, ಮೋಟಾರು ತಂದಿದ್ದೀನಲ್ಲ” ಎಂದರು ಚನ್ನವೀರಯ್ಯ. “ಈ ಸೊಂಟದಲ್ಲಿ ಎರಡು ದಿನ ಗಾಡೀಲಿ ಹೆಂಗವ್ವ?”

“ಹೆಂಗೆ ಅಂತ ನೀನೂ ನೋಡು.”

ಸರ್ವಮಂಗಳಮ್ಮ ಗಾಡಿ ಹತ್ತಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಸಿದ್ಧಗಂಗ ಕಾಲ ಬಳಿ ಕೂತಳು. ಎತ್ತುಗಳು ಹೊರಟವು. ಅವುಗಳ ಹಿಂದೆ, ಅವುಗಳ ನಡಿಗೆಯಲ್ಲೇ, ಅಣ್ಣತಮ್ಮಂದಿರಿಬ್ಬರೇ ಕೂತ ವ್ಯಾನು. ಮುಂದೆ ಹೋಗಲು ಮನಸ್ಸು ಬರದು, ಹಿಂದೆ ಉಳಿದರೆ ಇಂಜಿನ್ನು ಆರುವುದು. ದಾರಿಯ ಹಳ್ಳಿಗಳಲ್ಲಿ ಜನ ಹೊಲ ಬಿಟ್ಟು ಬದುವಿಗೆ ಬಂದು ನೋಡಿದರು. ಯಾರೋ ಒಬ್ಬರು, “ಗಾಡಿ ಕೆಟ್ಟೋಗೈತಾ ಸ್ವಾಮಿ?” ಎಂದು ಕೂಗಿ ಕೇಳಿದರು. ಚನ್ನವೀರಯ್ಯ ಇಲ್ಲ ಎನ್ನಲಿಲ್ಲ.

ಹೊತ್ತು ಇಳಿಯುವಾಗ ಹೆಬ್ಬೂರಿನ ತೋಪಿನಲ್ಲಿ ಗಾಡಿ ಬಿಟ್ಟರು. ಸರ್ವಮಂಗಳಮ್ಮ ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ಚನ್ನವೀರಯ್ಯ ಗಾಡಿಯ ಹಿಂಬದಿಗೆ ಬಂದು ನಿಂತರು.

“ಸೊಂಟ ನೋಯ್ತಾ ಐತಾ ಅವ್ವ?”

“ದಿನಾ ಎಷ್ಟು ನೋಯ್ತಿತ್ತೋ ಅಷ್ಟೇ ಕಣಪ್ಪ” ಎಂದರು ಶಿವರುದ್ರಮ್ಮ. “ಅಷ್ಟೇ. ಒಂಚೂರೂ ಹೆಚ್ಚಿಲ್ಲ.”